ತೋಳದ ಪಾಲು

ತೋಳ ಏನು ತಿಂದಿದೆ ಎಂಬುದನ್ನು ಅದರ ಮಲ ನೋಡಿ ಹೇಳಬಹುದು ಎಂದಾಗ ಕುರಿಹಟ್ಟಿಯವರೆಲ್ಲ ನಕ್ಕರು. ಯಾರ ಮನೆಯ ಕುರಿ ತಿಂದಿದೆ ಎಂಬುದನ್ನೂ ಒಮ್ಮೊಮ್ಮೆ ಹೇಳಬಹುದು ಎಂದಾಗ ಗಂಗಕ್ಕ ಒಬ್ಬಳು ನಗು ನಿಲ್ಲಿಸಿದಳು.

ಹೇಳಿದವಳು ಮಾಹೀರಾ. ಚಿತ್ರದುರ್ಗದ ಕೋಟೆ ಬುಡದ ಪೇಟೆಯಲ್ಲಿ ತಲೆತಲಾಂತರದಿಂದ ಹಾಸಿಗೆ ಹೊಲಿಯುವ ಮನೆತನದ ಹುಡುಗಿ. ಪಶುವೈದ್ಯ ಓದಿದ್ದಳು, ಅದು ಸಾಲದೆಂದು ಈಗ ಕಾಡುಪ್ರಾಣಿಗಳ ಹೊಟ್ಟೆಯ ಹುಳಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಜೋಗಿಮಟ್ಟಿಯ ಕಾಡಿನಲ್ಲಿ ಚಿರತೆಯದ್ದು, ನರಿಯದ್ದು, ಕಾಡುಬೆಕ್ಕಿನದ್ದು ಹೆಕ್ಕಿ ಮುಗಿಸಿ, ತೋಳದ್ದಕ್ಕಾಗಿ ಹಿರಿಯೂರಿನ ಕಡೆ ಇಳಿದು ಆದಿವಾಲದ ಆಚೆಗಿನ ಈ ಹಟ್ಟಿಯವರೆಗೂ ಬಂದಿದ್ದಳು. ಇಷ್ಟು ಓದಿದ ಹೆಣ್ಣುಮಗಳು ನೆತ್ತಿ ಸುಡುವ ಬಿಸಿಲಲ್ಲಿ ಕೈಗೆ ನೀಲಿ ಗವಸು ಹಾಕಿಕೊಂಡು, ಜಾಲಿಗಿಡಗಳ ನಡುವೆ ಬಗ್ಗಿ ಬಗ್ಗಿ ತೋಳದ ಹೇಲು ಆರಿಸಿ ಚೀಲಕ್ಕೆ ಹಾಕುವುದನ್ನು ಕಂಡು ಹಟ್ಟಿಯ ಹೆಂಗಸರಿಗೆ ಮೊದಲು ಅಯ್ಯೋ ಪಾಪ ಅನ್ನಿಸಿತು. ಆಮೇಲೆ ಅಭ್ಯಾಸವಾಯಿತು. ಕೊನೆಗೆ ಎಲ್ಲಿ ಕಂಡರೂ ಕೂಗಿ ಕರೆದು ತೋರಿಸುವಷ್ಟು ಉಮೇದು ಬಂತು.

ಅವಳನ್ನು ಹಟ್ಟಿಯವರು ಕೂರಿಸಿ ಟೀ ಕೊಟ್ಟು ಮಾತಾಡಿಸಿದ್ದಕ್ಕೆ ಬೇರೆ ಕಾರಣವಿತ್ತು. ಆ ವರ್ಷ ಮಂದೆಗಳಲ್ಲಿ ತಿರುಗುಬೇನೆ ಹೆಚ್ಚಾಗಿತ್ತು. ಚೆನ್ನಾಗಿ ಮೇಯುತ್ತಿದ್ದ ಕುರಿ ಒಂದು ದಿನ ಕತ್ತು ವಾಲಿಸುತ್ತದೆ. ಆಮೇಲೆ ಒಂದೇ ಕಡೆಗೆ ಸುತ್ತತೊಡಗುತ್ತದೆ. ಮೇವು ಮುಂದಿಟ್ಟರೂ ಕಾಣದು, ನೀರಿಟ್ಟರೂ ಕಾಣದು, ಸುತ್ತಿ ಸುತ್ತಿ ಬೀಳುತ್ತದೆ. ತಲೆ ಒಡೆದು ನೋಡಿದರೆ ಮಿದುಳಿನಲ್ಲಿ ನಿಂಬೆಹಣ್ಣಿನ ಗಾತ್ರದ ನೀರುಗುಳ್ಳೆ. ಗಾಳಿ ಸೋಕಿದೆ ಅಂದವರಿದ್ದರು, ಹೊಸ ಮಳೆಯ ಹುಲ್ಲು ಅಂದವರಿದ್ದರು. ಹಟ್ಟಿಯ ಹಿರಿಯ ಚಿಕ್ಕತಿಮ್ಮಪ್ಪ ಮಾತ್ರ ಯಾವ ಕೇಡಿಗೂ ತೋಳವನ್ನೇ ಹೊಣೆ ಮಾಡುವ ಮನುಷ್ಯ. ತೋಳದ ಉಸಿರು ತಾಗಿ ಹೀಗಾಗುತ್ತಿದೆ ಎಂದು ಅವನ ವಾದ.

"ಉಸಿರಲ್ಲ ತಾತ, ಹುಳ," ಎಂದಳು ಮಾಹೀರಾ. "ತೋಳ, ನಾಯಿ, ನರಿ, ಇವುಗಳ ಕರುಳಾಗೆ ಲಾಡಿಹುಳ ಇರ್ತೈತೆ. ಅದರ ಮೊಟ್ಟೆ ಮಲದ ಜೊತೆ ಬಂದು ಹುಲ್ಲಿಗೆ ಅಂಟ್ಕಳ್ತೈತೆ. ಆ ಹುಲ್ಲು ಮೇಯ್ದ ಕುರಿಯ ಮಿದುಳಿಗೆ ಹುಳದ ಮರಿ ಏರಿ ಗುಳ್ಳೆ ಕಟ್ತೈತೆ. ಆ ಕುರಿ ತಲೇನ ತೋಳಾನೋ ನಾಯೀನೋ ತಿಂದ್ರೆ ಮತ್ತೆ ಅದರ ಹೊಟ್ಟೇಲಿ ಲಾಡಿಹುಳ. ಹಿಂಗೇ ಸುತ್ತು. ತಿಂದೇ ಬರಬೇಕು, ತಿನ್ನದೆ ಬರಲ್ಲ."

"ಹಂಗಾದ್ರೆ ತೋಳಂದೇ ಕೆಲಸ. ನಾ ಹೇಳಿದ್ದೂ ಅದನ್ನೇ ಅಲ್ಲೇನು," ಎಂದು ಚಿಕ್ಕತಿಮ್ಮಪ್ಪ ಸುತ್ತಲೂ ನೋಡಿದ.

"ತೋಳಂದೋ, ನಿಮ್ಮ ನಾಯಿಗಳದ್ದೋ ಗೊತ್ತಿಲ್ಲ. ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಈ ಹುಳಗಳ ಮೊಟ್ಟೆ ಎಲ್ಲಾ ಒಂದೇ ಥರ ಕಾಣ್ತವೆ. ಮೊಲದಿಂದ ಬಂದ ಹುಳವೂ ಅಷ್ಟೇ, ಕುರಿಯಿಂದ ಬಂದದ್ದೂ ಅಷ್ಟೇ. ಅದಕ್ಕೇ ಡಿಎನ್‌ಎ ತೆಗೆದು ನೋಡ್ತೀವಿ. ಮಲ ಯಾವ ಪ್ರಾಣೀದು, ಅದರೊಳಗಿನ ಹುಳ ಯಾವುದು, ಎರಡೂ ಗೊತ್ತಾಗ್ತೈತೆ." ಕೇಳುತ್ತಿದ್ದವರ ಮುಖ ನೋಡಿ ಅವಳು ದಾರಿ ಬದಲಿಸಿದಳು. "ಕಂಬಳಿ ಅಂಚು ನೋಡಿ ಇದು ಇಂಥೋರ ಮನೇದು ಅಂತ ಹೇಳ್ತೀರಲ್ಲ? ಹುಳಕ್ಕೂ ಹಂಗೊಂದು ಅಂಚಿರ್ತೈತೆ ಅನ್ಕಳ್ರಿ. ಒಂದೊಂದು ಮಂದೇಲಿ ಒಂದೊಂದು ಥರ ಇರಬಹುದು. ತೋಳದ ಹೊಟ್ಟೇಲಿರೋ ಅಂಚು, ನಿಮ್ಮ ಕುರಿ ತಲೇಲಿರೋ ಅಂಚು ಒಂದೇ ಆದ್ರೆ, ತೋಳ ಆ ಮಂದೆ ಕುರಿ ತಿಂದಿರಬಹುದು ಅಂತ ಅರ್ಥ."

ನಡುವೆ 'ಇರಬಹುದು' ಎಂಬ ಮಾತನ್ನು ಅವಳು ಎರಡು ಸಲ ಹಾಕಿದ್ದಳು. ಕೇಳಿದವರು ಎರಡು ಸಲವೂ ಅದನ್ನು ಬಿಟ್ಟೇ ಕೇಳಿಸಿಕೊಂಡರು.

ಹೋಗುವಾಗ ಅವಳು ಮನೆಗೊಂದರಂತೆ ಸ್ಪಿರಿಟ್ ತುಂಬಿದ ಪುಟ್ಟ ಬಾಟಲಿ ಕೊಟ್ಟಳು. ಇನ್ನು ಮುಂದೆ ಕುರಿ ತಿರುಗಿ ಸತ್ತರೆ ಗುಳ್ಳೆಯ ಒಂದು ಚೂರನ್ನು ಅದರಲ್ಲಿ ಹಾಕಿಡಬೇಕು, ಬಾಟಲಿಯ ಮೇಲೆ ಆಯಾ ಮನೆಯವರ ಹೆಸರು ಅಂಟಿಸಿದೆ ಎಂದಳು. ಗಂಗಕ್ಕನ ಗಂಡ ಪಾಲಣ್ಣ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಒಳ್ಳೆಯದನ್ನೇ ತಂದಿದ್ದಾಳೆ ಎಂಬಂತೆ ತಲೆದೂಗಿ ಹೆಂಡತಿಯ ಕೈಗಿಟ್ಟ. ಅವಳ ಕೈಗೆ ಅದು ಕೆಂಡದಂತೆ ತಾಗಿತು.

ವಿಷಯ ಇಷ್ಟೇ. ಆ ಹಟ್ಟಿಯಲ್ಲಿ ತಿರುಗಿ ಸತ್ತ ಕುರಿಯ ತಲೆಯನ್ನು ಯಾರೂ ಬೇಯಿಸುವುದಿಲ್ಲ. ಅದನ್ನು ಹೂತುಬಿಡುತ್ತಾರೆಂದು ಗಂಡಸರು ತಿಳಿದಿದ್ದಾರೆ, ಏಕೆಂದರೆ ಅದು ಹೆಂಗಸರ ಕೆಲಸ, ಮತ್ತು ಹೆಂಗಸರ ಕೆಲಸ ಹೇಗಾಯಿತೆಂದು ಕೇಳುವ ಅಭ್ಯಾಸ ಗಂಡಸರಿಗಿಲ್ಲ. ಗಂಗಕ್ಕ ಮದುವೆಯಾಗಿ ಬಂದ ವರ್ಷವೇ ಅತ್ತೆ ಅವಳನ್ನು ಸಂಜೆ ಹೊತ್ತು ಹಟ್ಟಿಯಾಚೆಯ ಬಂಡೆಯ ಹತ್ತಿರ ಕರೆದೊಯ್ದು, ಪುಟ್ಟಿಯಿಂದ ಕುರಿಯ ತಲೆ ತೆಗೆದು ಬಂಡೆಯ ಮೇಲಿಟ್ಟು ಕಲಿಸಿಕೊಟ್ಟಿದ್ದಳು. ಇದು ತೋಳದ ಪಾಲು. ತಲೆ ಇಟ್ಟು, 'ಇದು ನಿಂದು, ನಮ್ಮ ರೊಪ್ಪಕ್ಕೆ ಬರಬ್ಯಾಡ' ಅನ್ನಬೇಕು. ರೊಪ್ಪವೆಂದರೆ ಕುರಿ ಕೂಡುವ ಮುಳ್ಳುಬೇಲಿ. ಕುರಿಗಾರನ ಬದುಕೆಲ್ಲ ಅದರೊಳಗಿರುತ್ತದೆ. ಆದರೆ ಬರಬೇಡ ಅಂದರಷ್ಟೇ ಸಾಲದು. ಎಲ್ಲಿಗೆ ಹೋಗಬೇಕೆಂದೂ ಹೇಳಬೇಕು. ದಾರಿ ತೋರಿಸದೆ ಅಟ್ಟಿದ ತೋಳ ತಿರುಗಿ ಅದೇ ಬಾಗಿಲಿಗೆ ಬರುತ್ತದಂತೆ. ಹಾಗಾಗಿ ಇನ್ನೊಬ್ಬರ ರೊಪ್ಪದ ಹೆಸರು ಹೇಳಿ, ಸತ್ತ ಕುರಿಯ ಮೂತಿಯನ್ನು ಆ ದಿಕ್ಕಿಗೆ ತಿರುಗಿಸಿಟ್ಟು, ಹಿಂದೆ ನೋಡದೆ ಬರಬೇಕು. ಯಾರಿಗೂ ಹೇಳಬಾರದು, ಯಾರನ್ನೂ ಕೇಳಬಾರದು. ಇದು ಗುಟ್ಟಾಗಿ ಉಳಿದದ್ದು ಹೇಗೆಂದು ಬೇರೆ ವಿವರಿಸಬೇಕಿಲ್ಲ.

ಅತ್ತೆ ಬದುಕಿರುವತನಕ ಹೊಸದುರ್ಗದ ಕಡೆಯಿಂದ ಮೇಯಿಸಿಕೊಂಡು ಬರುವ ಮಂದೆಯವರ ಹೆಸರು ಹೇಳುತ್ತಿದ್ದಳು. ಗಂಗಕ್ಕನೂ ಅದನ್ನೇ ಹೇಳಿಕೊಂಡು ಬಂದಳು. ಅವರು ಯಾರೋ, ಎಲ್ಲಿಯವರೋ. ಮುಖ ಗೊತ್ತಿಲ್ಲದವರ ಮೇಲೆ ತೋಳ ಕಳಿಸುವುದು ಅಷ್ಟೇನೂ ಕಷ್ಟವಲ್ಲ. ಆದರೆ ಹೋದ ವರ್ಷ ಅವಳು ಮೂತಿಯನ್ನು ಬೇರೆ ಕಡೆ ತಿರುಗಿಸಿದ್ದಳು. ಪಕ್ಕದ ರೊಪ್ಪದ ಕಡೆ. ಅದು ವೀರಮ್ಮನದು, ಅವಳ ಸ್ವಂತ ಅಕ್ಕನದು.

ವೀರಮ್ಮ ಈ ಹಟ್ಟಿಗೆ ಮೊದಲು ಸೊಸೆಯಾಗಿ ಬಂದವಳು. ತಂಗಿ ಕಣ್ಣೆದುರಿಗೇ ಇರಲೆಂದು ಪಾಲಣ್ಣನ ಅಪ್ಪನ ಬೆನ್ನು ಬಿದ್ದು ಈ ಸಂಬಂಧ ಮಾಡಿಸಿದವಳೂ ಅವಳೇ. ಗಂಡ ಹೋದ ಮೇಲೆ ಮಂದೆಯನ್ನು ತಾನೇ ನಡೆಸಿಕೊಂಡು ಬಂದಿದ್ದಳು. ಬಾಯಿ ಮಾತ್ರ ಅವಳ ಹಿಡಿತದಲ್ಲಿರಲಿಲ್ಲ. ಹೊಳಲ್ಕೆರೆಯಲ್ಲಿ ನೆಂಟರ ಮದುವೆಯ ಪಂಕ್ತಿಯಲ್ಲಿ ಕುಳಿತು, ಹತ್ತು ಜನ ಕೇಳುವ ಹಾಗೆ, "ನಮ್ ಗಂಗಿ ಈಗ ಉಣ್ಣೆಗೆ ಅಂಗಡಿ ದಾರ ಬೆರೆಸಿ ನೂಲ್ತಾಳೆ ಕಣ್ರವ್ವ, ಅವಳ ಕಂಬಳಿ ಹೊದ್ರೆ ಚಳಿ ಹೋಗಲ್ಲ," ಎಂದು ನಕ್ಕಿದ್ದಳು. ಗಂಗಕ್ಕ ನೂಲುವುದರಲ್ಲಿ ಹೆಸರು ಮಾಡಿದವಳು. ಅವಳು ಎಲೆಯನ್ನು ಅರ್ಧಕ್ಕೇ ಮಡಚಿದಳು. ಅಕ್ಕನಿಗೆ ಕೈ ತೊಳೆಯುವಷ್ಟರಲ್ಲಿ ಆ ಮಾತು ಮರೆತುಹೋಗಿತ್ತು. ತಂಗಿಗೆ ಮರೆಯಲಿಲ್ಲ. ಆ ತಿಂಗಳೇ ಒಂದು ಕುರಿ ತಿರುಗಿ ಸತ್ತಿತು. ಬಂಡೆಯ ಮುಂದೆ ನಿಂತಾಗ ಬಾಯಿಗೆ ವೀರಮ್ಮನ ರೊಪ್ಪ ಬಂತು. ಮೊದಲ ಸಲ ನಾಲಿಗೆ ತೊದಲಿತು. ಆಮೇಲಿನ ಸಲ ಸಲೀಸಾಗಿ ಬಂತು.

ಈಗ ಈ ಹುಡುಗಿ ತೋಳದ ಹೇಲು ಕೆದಕಿ ಅದನ್ನೆಲ್ಲ ಹೊರಗೆ ಹಾಕುತ್ತಾಳಂತೆ. ಗಂಡಸರು ಬಯ್ಯುತ್ತಾರೆ, ಬಯ್ಯಲಿ. ಬೈಗುಳ ಸಂಜೆಯ ಹೊತ್ತಿಗೆ ಆರಿಹೋಗುತ್ತದೆ. ಗಂಗಕ್ಕನಿಗಿದ್ದ ಭಯ ಅಕ್ಕನದು. ವೀರಮ್ಮ ಒಂದು ವಿಷಯ ಹಿಡಿದಳೆಂದರೆ ಬುಡ ಕಾಣುವತನಕ ಬಿಡುವವಳಲ್ಲ. ತೋಳಕ್ಕೆ ತಲೆ ಯಾಕೆ ಹಾಕಿದೆ, ಹಾಕಿ ಏನಂದೆ, ಯಾರ ರೊಪ್ಪಕ್ಕೆ ಕಳಿಸಿದೆ ಎಂದು ಕೇಳುತ್ತಾಳೆ. ಕೇಳಿದರೆ ಗಂಗಕ್ಕನ ಮುಖವೇ ಹೇಳಿಬಿಡುತ್ತದೆ. ಮಾತು ಬಿಡಬಹುದು, ಊಟ ಬಿಡಬಹುದು, ನಡುವಿನ ಬೇಲಿಯ ಸಂದಿ ಮುಚ್ಚಬಹುದು. ಐವತ್ತು ದಾಟಿದ ಹೆಂಗಸಿಗೆ ತವರೆಂದು ಉಳಿದದ್ದು ಆ ಬೇಲಿಯಾಚೆಯ ಮನೆ ಒಂದೇ. ಅದೂ ಹೋದರೆ ಏನು ಗತಿ ಎಂದು ಅವಳಿಗೆ ಯೋಚನೆಯಾಯಿತು.

ಮುಂಗಾರು ಬಂದು ಹುಲ್ಲು ಚಿಗುರಿದ ಮೇಲೆ ವೀರಮ್ಮನ ಮಂದೆಯಲ್ಲೇ ಮೊದಲು ಕುರಿ ಬಿತ್ತು. ವೀರಮ್ಮ ಬೇಲಿಯ ಸಂದಿಯಿಂದ ಕೂಗಿದಳು.

"ಲೇ ಗಂಗಿ, ಬಾರೇ ಇಲ್ಲಿ. ಆ ಡಾಕ್ಟ್ರಮ್ಮನ ಬಾಟ್ಲಿಗೆ ಅದೇನೋ ತುಂಬಬೇಕಂತಲ್ಲ. ನಂಗೆ ಕಣ್ಣು ಸರಿಯಾಗಿ ಕಾಣಲ್ಲ, ನೀನೇ ತುಂಬು."

ಗಂಗಕ್ಕ ಹೋದಳು. ತಲೆ ಒಡೆದು ಗುಳ್ಳೆ ಬಿಡಿಸಿದಳು. ತೆಳ್ಳನೆಯ ಪೊರೆ, ಒಳಗೆ ತಿಳಿನೀರು, ಪೊರೆಯ ಮೇಲೆ ಅಕ್ಕಿನುಚ್ಚು ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಅಕ್ಕ ಒಲೆ ಕಡೆ ತಿರುಗಿದ್ದಾಗ ಅವಳು ಒಂದು ಚೂರನ್ನು ಅಕ್ಕನ ಬಾಟಲಿಗೆ ಹಾಕಿದಳು. ಇನ್ನೊಂದು ಚೂರನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದ ತನ್ನ ಬಾಟಲಿಗೆ ಹಾಕಿ ಬಿರಡೆ ತಿರುಗಿಸಿದಳು. ಇದರಲ್ಲಿ ಅವಳ ಲೆಕ್ಕಾಚಾರ ಸರಳವಾಗಿತ್ತು. ತೋಳ ತಿಂದದ್ದು ತನ್ನ ಮಂದೆಯ ಕುರಿ. ಬಾಟಲಿಯಲ್ಲಿ ತನ್ನ ಮಂದೆಯ ಗುಳ್ಳೆಯೇ ಇಲ್ಲದಿದ್ದರೆ ಅಂಚಿಗೆ ಅಂಚು ಕೂಡುವುದೆಲ್ಲಿಂದ? ಪಾಲಿಡುವುದು ತನ್ನ ಅತ್ತೆಯ ಮನೆಯೊಂದರ ಪದ್ಧತಿ, ಅಕ್ಕ ತೋಳಕ್ಕೆ ಏನೂ ಕೊಟ್ಟಿರುವುದಿಲ್ಲ, ಅವಳದೂ ಕೂಡುವುದಿಲ್ಲ. ಇಬ್ಬರೂ ಪಾರು. ತನ್ನ ಜಾಣತನಕ್ಕೆ ಅವಳಿಗೆ ತುಸು ಹೆಮ್ಮೆಯೂ ಆಯಿತು.

"ಕುಂತ್ಕಳೇ, ಮುದ್ದೆ ಆಗೈತೆ, ಉಂಡ್ಕಂಡು ಹೋಗು," ಎಂದಳು ವೀರಮ್ಮ. ಗಂಗಕ್ಕ ಕೈ ತಿಕ್ಕಿ ತಿಕ್ಕಿ ತೊಳೆದು, ಉಂಡು ಬಂದಳು.

ಅದಾಗಿ ಸ್ವಲ್ಪ ದಿನಕ್ಕೆ ಅವಳ ಮಂದೆಯಲ್ಲೂ ಒಂದು ಸುತ್ತಿ ಬಿತ್ತು. ಪಾಲಣ್ಣ ಹೋದ ವರ್ಷ ಹೊಳಲ್ಕೆರೆ ಸಂತೆಯಿಂದ ಹಿಡಿದು ತಂದಿದ್ದ ಕುರಿಗಳಲ್ಲಿ ಅದೊಂದು.

"ಬಾಟ್ಲಿ ತುಂಬಿದ್ಯೇನೇ?" ಎಂದು ಅವನು ಕೇಳಿದ.

"ತುಂಬೀನಿ," ಎಂದಳು. ಸುಳ್ಳಲ್ಲ.

ತಲೆಯನ್ನು ಪುಟ್ಟಿಯಲ್ಲಿಟ್ಟುಕೊಂಡು ಹೊರಟಾಗ, ಈ ಸಲ ನಿಜವಾಗಿ ಹೂತುಬಿಡೋಣ ಎಂದುಕೊಂಡೇ ಹೊರಟಳು. ಕಾಲು ಬಂಡೆಯ ಕಡೆಗೇ ನಡೆಯಿತು. ಅಕ್ಕನ ಮನೆಯ ಮುದ್ದೆ ಇನ್ನೂ ನೆನಪಿನಲ್ಲಿತ್ತು, ಆದರೂ ಬಾಯಿ ರೂಢಿಯಾದದ್ದನ್ನೇ ಹೇಳಿತು.

ಮಾಹೀರಾ ನಡುನಡುವೆ ಬಂದು ಬಾಟಲಿಗಳನ್ನೂ ಹೊಸದಾಗಿ ಸಿಕ್ಕ ಮಲವನ್ನೂ ಒಯ್ಯುತ್ತಿದ್ದಳು. ದಸರೆ ಕಳೆದ ಮೇಲೆ ಒಂದು ಬೆಳಿಗ್ಗೆ, ಫಲಿತಾಂಶ ಬಂದಿದೆ ಎಂದು ಹೇಳಿಕಳಿಸಿ, ತಾನೂ ಬಂದಳು. ಹಟ್ಟಿಯವರು ಬೇವಿನ ಮರದ ಕೆಳಗೆ ಸೇರಿದರು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಕೆಳಗೆ. ಹೆಣ್ಣುಡಾಕ್ಟರಿಗೆ ಮಾತ್ರ ಒಂದು ಪ್ಲಾಸ್ಟಿಕ್ ಕುರ್ಚಿ.

ಅವಳು ಉದ್ದಕ್ಕೆ ಹೇಳಲಿಲ್ಲ. ತೋಳದ್ದೆಂದು ಆರಿಸಿದ್ದರಲ್ಲಿ ಕೆಲವು ನಾಯಿಗಳದ್ದಾಗಿದ್ದವು. ಚಿಕ್ಕತಿಮ್ಮಪ್ಪ ತಾನೇ ಮುಂದೆ ನಿಂತು, ಇದು ತೋಳದ್ದೇ ಎಂದು ಆಣೆ ಮಾಡಿ ತೋರಿಸಿದ್ದು ಅವನ ನಾಯಿಯ ಜಾತಿಯದ್ದೇ. ಎಲ್ಲರೂ ನಕ್ಕರು, ಅವನು ಕೆಮ್ಮಿದ. ಉಳಿದವು ತೋಳದವೇ. ಅವುಗಳಲ್ಲಿ ಮೊಲದಿಂದ ಬಂದ ಹುಳವಿತ್ತು, ಅದರಿಂದ ಕುರಿಗಳಿಗೆ ತೊಂದರೆ ಇಲ್ಲ. ಆದರೆ ಕುರಿಯ ಮಿದುಳಿಗೆ ಏರುವ ಹುಳವೂ ಇತ್ತು, ಅದು ಎರಡು ಥರದ್ದು.

"ಒಂದು ಥರದ್ದು ಇಲ್ಲಿಯ ಎರಡು ಬಾಟ್ಲಿಗೆ ಹೊಂದ್ತೈತೆ," ಎಂದಳು ಮಾಹೀರಾ. "ವೀರಮ್ಮನವರದ್ದು, ಗಂಗಕ್ಕನವರದ್ದು."

ಗಂಗಕ್ಕ ಮತ್ತೆ ಲೆಕ್ಕ ಹಾಕಿದಳು. ತನ್ನ ಬಾಟಲಿಯಲ್ಲಿದ್ದದ್ದು ಅಕ್ಕನ ಕುರಿಯದು. ಅದು ಹೊಂದಿತೆಂದರೆ ತೋಳ ಅಕ್ಕನ ಕುರಿಯ ತಲೆಯನ್ನೂ ತಿಂದಿದೆ. ಅವಳು ಮೆಲ್ಲಗೆ ತಲೆ ತಿರುಗಿಸಿ ವೀರಮ್ಮನನ್ನು ನೋಡಿದಳು. ವೀರಮ್ಮ ಮುಂದೆ ನೋಡುತ್ತಿದ್ದಳು.

"ಅದೆಂಗೆ?" ಎಂದ ಚಿಕ್ಕತಿಮ್ಮಪ್ಪ. "ತೋಳ ಈ ಎರಡು ವರ್ಷದಾಗೆ ಹಟ್ಟಿಯ ಯಾವ ರೊಪ್ಪಕ್ಕೂ ಬಿದ್ದಿಲ್ಲ. ಅದರ ಬಾಯಿಗೆ ತಲೆ ಹೆಂಗೆ ಬಂತು?"

"ನಾವು ಹೂಳ್ತೀವಪ್ಪ," ಎಂದ ಪಾಲಣ್ಣ, ಪೂರ್ತಿ ನಂಬಿಕೆಯಿಂದ.

ವೀರಮ್ಮ ಎದ್ದು ನಿಂತಳು. "ಕೊಟ್ಟೋಳು ನಾನು," ಎಂದಳು. "ನಮ್ಮ ಮನೇಲಿ ಮೊದಲಿಂದ ತೋಳದ ಪಾಲು ಅಂತ ಇಡ್ತೀವಿ. ನಮ್ಮತ್ತೆ ಕಲಿಸಿದ್ಲು, ಇಟ್ಟೆ. ಹುಳದ ವಿಷಯ ನಂಗೇನು ಗೊತ್ತು?"

ಗದ್ದಲವೆದ್ದಿತು. ತೋಳಕ್ಕೆ ಮೃಷ್ಟಾನ್ನ ಬಡಿಸಿ ಹಟ್ಟಿಯ ಕುರಿಗಳಿಗೆಲ್ಲ ರೋಗ ತಂದಳು ಎಂದು ಒಬ್ಬ, ತನ್ನ ಮಂದೆಯಲ್ಲಿ ಸತ್ತವು ಇವಳಿಂದಲೇ ಎಂದು ಇನ್ನೊಬ್ಬ. ಹೆಂಗಸರು ಮಾತ್ರ ತಲೆ ತಗ್ಗಿಸಿ ಕುಳಿತಿದ್ದರು. ಚಿಕ್ಕತಿಮ್ಮಪ್ಪನ ಹೆಂಡತಿ ಓಬವ್ವ ತನ್ನ ಕಾಲುಂಗುರವನ್ನು ಹೊಸದಾಗಿ ಕಂಡವಳಂತೆ ನೋಡುತ್ತಿದ್ದಳು. ಮಾಹೀರಾ ಕುರ್ಚಿಯಿಂದ ಎದ್ದು, ಇದು ಒಬ್ಬರ ತಪ್ಪಲ್ಲ, ನಾಯಿಗಳಲ್ಲೂ ಇದೆ, ಇನ್ನೊಂದು ಥರದ ಹುಳ ಇದಕ್ಕಿಂತ ಹೆಚ್ಚು ಸಿಕ್ಕಿದೆ, ಅದು ಯಾರ ಬಾಟಲಿಗೂ ಹೊಂದಿಲ್ಲ, ತಾನು ಹಿಂದೆ ಹೊಳಲ್ಕೆರೆ ಕಡೆಯ ಕುರಿಗಳಲ್ಲಿ ಕಂಡಿದ್ದ ಥರದ್ದು, ಅದು ಎಲ್ಲಿಂದ ಬರುತ್ತಿದೆಯೋ ಗೊತ್ತಾಗದಿದ್ದರೆ ಕುರಿಗಳು ಸಾಯುವುದು ನಿಲ್ಲುವುದಿಲ್ಲ ಎಂದೆಲ್ಲ ಹೇಳಿದಳು. ಕಟ್ಟೆಯ ಮೇಲೆ ಯಾರೂ ಕೇಳಿಸಿಕೊಳ್ಳಲಿಲ್ಲ. ಹೊಳಲ್ಕೆರೆ ಎಂಬ ಹೆಸರು ಬಿದ್ದಾಗಲೂ ಪಾಲಣ್ಣನಿಗೆ ತನ್ನ ಸಂತೆಯ ಕುರಿಗಳು ನೆನಪಾಗಲಿಲ್ಲ. ಅವನ ತಲೆ ಸ್ವಲ್ಪ ನಿಧಾನ.

"ಒಂದು ಮಾತು," ಎಂದು ಚಿಕ್ಕತಿಮ್ಮಪ್ಪ ಕೈಯೆತ್ತಿದ. "ಇವತ್ತಿನಿಂದ ವೀರಮ್ಮನ ಮಂದೆ ನಮ್ಮ ಗೋಕಟ್ಟೆಗೆ ನೀರಿಗೆ ಬರೋದು ಬ್ಯಾಡ. ಮೇವಿಗೂ ನಮ್ಮ ಕಡೆ ಬರೋದು ಬ್ಯಾಡ. ಬೇಕಾದ್ರೆ ಹಿರಿಯೂರು ಹೊಳೆ ಕಡೆ ಹೊಡ್ಕಂಡು ಹೋಗ್ಲಿ."

"ಕುರಿಯಿಂದ ಕುರಿಗೆ ಅದು ಹತ್ತಲ್ಲ ತಾತ, ನೀರಿಗೆ ಯಾಕೆ ತಡೀತೀರಿ?" ಎಂದು ಮಾಹೀರಾ ಕೂಗಿದಳು.

"ನೀವು ಸುಮ್ಕಿರ್ರಿ ಮೇಡಂ, ಇದು ಹಟ್ಟಿ ವಿಷಯ."

ವೀರಮ್ಮ ನಿಂತೇ ಇದ್ದಳು. ಹೊಳೆಯ ತನಕ ಅಷ್ಟು ಮಂದೆಯನ್ನು ಒಂಟಿ ಹೆಂಗಸು ದಿನಾ ಹೊಡೆದುಕೊಂಡು ಹೋಗುವುದು ಆಗದ ಮಾತೆಂದು ಎಲ್ಲರಿಗೂ ಗೊತ್ತಿತ್ತು. ಮಾರಿಬಿಡು ಎಂದು ಹೇಳುವ ಇನ್ನೊಂದು ಬಗೆ ಅದು. ಗಂಗಕ್ಕ ಅಕ್ಕನ ಹಿಮ್ಮಡಿಯ ಬಿರುಕುಗಳನ್ನು ನೋಡುತ್ತ ಕುಳಿತಿದ್ದಳು. ಸುಮ್ಮನಿದ್ದರೆ ತನಗೇನೂ ಆಗುವುದಿಲ್ಲ. ತನ್ನ ಬಾಟಲಿಯ ಹೆಸರು ಬಂದರೂ, ಪಕ್ಕದ ರೊಪ್ಪವಲ್ಲವೇ, ಅಕ್ಕನದೇ ತಗುಲಿದೆ ಎಂದು ಜನರೇ ಹೇಳಿಕೊಳ್ಳುತ್ತಾರೆ. ಹೀಗೆಲ್ಲ ಯೋಚಿಸುತ್ತಿರುವಾಗಲೇ ಅವಳು ಎದ್ದು ನಿಂತಾಗಿತ್ತು.

"ಆ ಇನ್ನೊಂದು ಥರದ್ದು ನಂದು," ಎಂದಳು. ಗಲಾಟೆ ನಿಲ್ಲಲಿಲ್ಲ. ಇನ್ನೊಂದು ಸಲ ಜೋರಾಗಿ ಹೇಳಿದಳು. "ನಂದು ಕಣ್ರಪ್ಪ! ಬಾಟ್ಲಿಗೆ ನಾ ಹಾಕಿದ್ದು ಅಕ್ಕನ ಕುರಿ ಗುಳ್ಳೆ. ನಮ್ಮ ಕುರಿ ತಲೆ ಎಲ್ಲಾನೂ ನಾನು ತೋಳಕ್ಕೆ ಇಟ್ಟೆ. ಹೊಳಲ್ಕೆರೆ ಕುರಿ ನಮ್ಮ ಮಂದೇಲಿ ಅವೆ. ನೀರು ತಡೆಯೋದಾದ್ರೆ ಮೊದಲು ನಮಗೆ ತಡೀರಿ."

ಪಾಲಣ್ಣ ಬಾಯಿ ತೆರೆದು ಹೆಂಡತಿಯನ್ನು ನೋಡಿದ. ಎರಡು ಮಂದೆಗೆ ನೀರು ತಡೆಯುವುದೆಂದರೆ ಹಟ್ಟಿಯ ಅರ್ಧಕ್ಕೆ ತಡೆದ ಹಾಗೆ. ಚಿಕ್ಕತಿಮ್ಮಪ್ಪ ಏನೋ ಹೇಳಹೊರಟ. ಹಿಂದಿನಿಂದ ಓಬವ್ವ, ತಲೆ ಎತ್ತದೆ, "ಸಾಕು ಸುಮ್ಕಿರು, ನಮ್ಮನೇದೂ ಬಂಡೆ ಮೇಲೇ ಹೋಗ್ತಿದ್ದಿದ್ದು," ಎಂದಳು. ಅಲ್ಲಿಗೆ ಗೋಕಟ್ಟೆಯ ಮಾತು ಮುಗಿಯಿತು. ಮಾಹೀರಾ ಯಾರನ್ನೂ ಬಯ್ಯಲಿಲ್ಲ. ಗಂಗಕ್ಕನಿಗೆ ಇನ್ನೊಂದು ಬಾಟಲಿ ಕೊಟ್ಟಳು, ನಾಯಿಗಳಿಗೆ ಮಾತ್ರೆ ಹಂಚಿದಳು, ಸತ್ತ ಕುರಿಯ ತಲೆಯನ್ನು ಸುಣ್ಣ ಹಾಕಿ ಆಳಕ್ಕೆ ಹೂಳುವುದು ಹೇಗೆಂದು ಗಂಡಸರಿಗೇ ಹೇಳಿ, ಜೀಪು ಹತ್ತಿದಳು.

ಸಂಜೆ ಗಂಗಕ್ಕ ಬೇಲಿಯ ಸಂದಿ ದಾಟಿ ಅಕ್ಕನ ರೊಪ್ಪಕ್ಕೆ ಹೋದಳು. ವೀರಮ್ಮ ಮರಿಗಳನ್ನು ತಾಯಿಗಳ ಹತ್ತಿರ ಬಿಡುತ್ತಿದ್ದಳು. ಗಂಗಕ್ಕ ಒಂದು ಮರಿಯನ್ನು ಎತ್ತಿಕೊಟ್ಟಳು, ಮತ್ತೊಂದನ್ನು ಎತ್ತಿಕೊಟ್ಟಳು. ಅಕ್ಕ ಕೇಳುವ ಮೊದಲು ತಾನೇ ಕೇಳಿಬಿಡುವುದು ವಾಸಿ ಅನ್ನಿಸಿತು.

"ತಲೆ ಇಟ್ಟಾಗ ಯಾರ ರೊಪ್ಪ ಹೇಳ್ತಿದ್ದೆ ಅಕ್ಕ?"

"ನಿಂದು," ಎಂದಳು ವೀರಮ್ಮ.

ಗಂಗಕ್ಕನಿಗೆ ರೇಗಿತು. ರೇಗಿದ ಬೆನ್ನಿಗೇ ಎದೆಯ ಮೇಲಿನ ಚಪ್ಪಡಿ ಸರಿದಷ್ಟು ಹಗುರಾಯಿತು. ಇಷ್ಟು ದಿನ ನಿದ್ದೆಗೆಟ್ಟದ್ದು ಇದಕ್ಕೇ? ಅವಳೂ ಅಷ್ಟೇ, ನಾನೂ ಅಷ್ಟೇ. ಅವಳಿಗೆ ನಗು ಬಂತು, ತಡೆಯಲಾರದ ನಗು.

"ಅಯ್ಯೋ ನಿನ್ನ! ನಾನೂ ನಿಂದೇ ಹೇಳ್ತಿದ್ದೆ ಕಣಕ್ಕ," ಎಂದಳು.

ವೀರಮ್ಮನೂ ನಕ್ಕಳು. "ಮತ್ತೆ? ಇನ್ಯಾರದು ಹೇಳೋದು," ಎಂದಳು. "ದೂರದೋರ ಹೆಸರು ಹೇಳಿ, ತೋಳ ಹೋಗಿ ಅವರ ಕುರಿ ಹಿಡಿದ್ರೆ, ನಾನೆಲ್ಲಿ ಹುಡುಕ್ಕಂಡು ಹೋಗಿ ಕೊಡ್ಲಿ? ಆ ಪಾಪ ಯಾರು ಹೊರ್ತಾರೆ? ನಿಂದಾದ್ರೆ ಬೇಲಿ ಆಚೆ. ಹೋಗಿದ್ದನ್ನ ತುಂಬಿಕೊಡಬಹುದು." ಮಾತಾಡುತ್ತಲೇ ಮಂದೆಯ ನಡುವೆ ಕೈ ಹಾಕಿ ಒಂದು ಹೆಣ್ಣುಮರಿಯನ್ನು ಹಿಂಗಾಲು ಹಿಡಿದು ಎಳೆದಳು. ಕರಿಯ ಮರಿ, ಮೈತುಂಬ ಉಣ್ಣೆ, ಮಂದೆಯಲ್ಲಿ ಅದಕ್ಕಿಂತ ಚೆಂದದ್ದು ಇರಲಿಲ್ಲ. "ಇಲ್ನೋಡು."

ಆ ಕಡೆಯವರು ಯಾವ ಕುರಿ ಯಾರದೆಂದು ತಿಳಿಯಲು ಕಿವಿಗೆ ಕಚ್ಚು ಹಾಕುತ್ತಾರೆ. ವೀರಮ್ಮನ ಮನೆಯದು ಎಡಗಿವಿಗೆ ಒಂದು. ಈ ಮರಿಯ ಎಡಗಿವಿ ಹಾಗೇ ಇತ್ತು. ಬಲಗಿವಿಯ ಅಂಚಿನಲ್ಲಿ ಎರಡು ಕಚ್ಚಿದ್ದವು, ಗಾಯ ಮಾಗಿ ಎಷ್ಟೋ ದಿನವಾಗಿತ್ತು. ಅದು ಗಂಗಕ್ಕನ ಮನೆಯ ಗುರುತು.

"ಪ್ರತಿ ಸಲ ತಲೆ ಇಟ್ಟು ಬಂದಾಗ ಒಂದು ಮರಿಗೆ ನಿಮ್ಮ ಕಚ್ಚು ಹಾಕಿ ಇಡ್ತಿದ್ದೆ," ಎಂದಳು ವೀರಮ್ಮ. "ತೋಳ ನಿನ್ನ ರೊಪ್ಪಕ್ಕೆ ಬಿದ್ದ ಬೆಳಿಗ್ಗೇನೇ ತಂದು ಬಿಡಾಣ ಅಂತ. ಅದು ಬೀಳಲೇ ಇಲ್ಲ, ಇವು ಇಲ್ಲೇ ಬೆಳೀತಾ ಅವೆ. ನೋಡು, ಅಕೋ ಅಲ್ಲೊಂದು." ಆಮೇಲೆ ತಂಗಿಯ ಕಡೆ ತಿರುಗಿ, ಕಣ್ಣು ಕಿರಿದು ಮಾಡಿಕೊಂಡು, ಹೊಸ ಸೀರೆ ತಂದವಳಿಗೆ ತೋರಿಸು ಎನ್ನುವಷ್ಟು ಖುಷಿಯಿಂದ ಕೇಳಿದಳು: "ನಂಗೆ ಅಂತ ಯಾವ್ದಕ್ಕೆ ಹಾಕಿದ್ದೀಯೇ? ಆ ಬಿಳೀ ಮರಿಗಾ?"

ಗಂಗಕ್ಕ ಬೇಲಿಯಾಚೆ ನೋಡಿದಳು. ಬಿಳಿಯ ಮರಿ ತಾಯಿಯ ಕೆಚ್ಚಲಿಗೆ ಗುದ್ದುತ್ತಿತ್ತು. ಹೂಂ ಅಂದರೆ ಸಾಕಿತ್ತು. ಮನೆಗೆ ಹೋಗಿ ಚೂರಿ ತೆಗೆದು ಎಡಗಿವಿಗೆ ಒಂದು ಕಚ್ಚು ಹಾಕಲು ಎಷ್ಟು ಹೊತ್ತು? ಅಕ್ಕನ ಕಣ್ಣಿಗೆ ಹಸಿ ಗಾಯ, ಹಳೆ ಗಾಯ ಎಲ್ಲ ಒಂದೇ.

"ಯಾವ್ದಕ್ಕೂ ಹಾಕಿಲ್ಲ ಅಕ್ಕ," ಎಂದಳು.

ವೀರಮ್ಮ ಮರಿಯ ಕಾಲು ಹಿಡಿದೇ ಇದ್ದಳು. ಅವಳ ಮುಖದ ಮೇಲಿನ ನಗು ಹೋಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕೈ ಬಿಟ್ಟಳು, ಮರಿ ಓಡಿಹೋಗಿ ಮಂದೆಯಲ್ಲಿ ಸೇರಿಕೊಂಡಿತು.